ಜಾಕೆಟ್ ನನಗಿತ್ತು, ಜಿಂಕೆಗಿರಲಿಲ್ಲ

‘ಮಂಜು ಕರಗಲಿ, ಆಮೇಲೆ ಹೊರಡು. ಕೆಲಸಕ್ಕೆ ಸೇರೋದು ನಾಳೆ ತಾನೆ?’ ಅಂದರು ಅಪ್ಪ.

ಡಿಸೆಂಬರ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಆರು ಗಂಟೆ. ತಿತಿಮತಿ ಹತ್ತಿರದ ನಮ್ಮ ಕ್ವಾರ್ಟರ್ಸಿನ ಅಂಗಳದಲ್ಲಿ ನಿಂತರೆ ಎದುರಿನ ಸಿಲ್ವರ್ ಮರಗಳೂ ಕಾಣದಷ್ಟು ಮಂಜು. ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್. ಮೂವತ್ತು ವರ್ಷದಿಂದ ಈ ಕಾಡಂಚಿನಲ್ಲೇ ಬದುಕಿದವರು. ಅವರ ಮಾತು ಕೇಳಬೇಕಿತ್ತು. ಆದರೆ ನನಗೆ ಆತುರ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಹದಿನಾಲ್ಕು ತಿಂಗಳು ಅಲೆದ ಮೇಲೆ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಟ್ರೈನಿ ಕೆಲಸ ಸಿಕ್ಕಿತ್ತು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅಸಲಿ ಅಂಕಪಟ್ಟಿಗಳ ಜೊತೆ ಹಾಜರಾಗಬೇಕು. ಅವನ್ನು ತರಲೆಂದೇ ಶನಿವಾರ ಮೈಸೂರಿನಿಂದ ಊರಿಗೆ ಬಂದಿದ್ದೆ. ಭಾನುವಾರ ಬೇಗ ರೂಮಿಗೆ ಹೋದರೆ ಬಟ್ಟೆ ಇಸ್ತ್ರಿ ಮಾಡಿ, ಜೆರಾಕ್ಸ್ ಮಾಡಿಸಿ, ನಿಧಾನವಾಗಿ ತಯಾರಾಗಬಹುದು ಅನ್ನುವುದು ನನ್ನ ಲೆಕ್ಕ.

ಅಮ್ಮ ಡಬ್ಬಿಯಲ್ಲಿ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾಕಿ ಬ್ಯಾಗಿನೊಳಗೆ ತುರುಕಿದರು. ಅಂಕಪಟ್ಟಿಗಳ ಫೈಲ್ ಕೂಡ ಅದೇ ಬ್ಯಾಗಿನಲ್ಲಿತ್ತು. ನಾನು ಜಾಕೆಟ್ ಹಾಕಿ, ಮೊಣಕಾಲಿಗೆ ಗಾರ್ಡ್ ಕಟ್ಟಿ, ಗ್ಲೌಸ್ ಏರಿಸಿ, ಹೆಲ್ಮೆಟ್ಟಿನ ಪಟ್ಟಿ ಬಿಗಿದು ಗಾಡಿ ಶುರು ಮಾಡುವಾಗ ಅಪ್ಪ ನಕ್ಕರು. ‘ಯುದ್ಧಕ್ಕೆ ಹೊರಟ ಹಾಗಿದೆ’ ಅಂದರು.

ಅರ್ಧ ಗಂಟೆಯೊಳಗೆ ನಾನು ರಸ್ತೆಯ ಮೇಲೆ ಅಂಗಾತ ಬಿದ್ದಿದ್ದೆ. ಇವತ್ತು ಎರಡೂ ಕೈ ಬಳಸಿ ಈ ಲೇಖನ ಟೈಪ್ ಮಾಡುತ್ತಿದ್ದೇನೆ ಎಂದರೆ ಅದಕ್ಕೆ ಆ ‘ಯುದ್ಧದ ವೇಷ’ವೇ ಕಾರಣ.

‘ಏನ್ ಗುರೂ, ಲಡಾಖ್‌ಗಾ?’

ನಾನು ಹುಟ್ಟಾ ಎಚ್ಚರಿಕೆಯವನೇನೂ ಅಲ್ಲ. ಡಿಪ್ಲೊಮಾ ಎರಡನೇ ವರ್ಷದವರೆಗೂ ಎಲ್ಲರ ಹಾಗೆ ನಾನೂ ಹೆಲ್ಮೆಟ್ಟನ್ನು ಪೊಲೀಸರಿಗಾಗಿ ಹಾಕುತ್ತಿದ್ದೆ. ಸರ್ಕಲ್ ಬಂತು ಅಂದರೆ ತಲೆಗೆ, ದಾಟಿತು ಅಂದರೆ ಮೊಣಕೈಗೆ. ಅದೂ ಟೋಪಿಯಂಥ ಅರ್ಧ ಹೆಲ್ಮೆಟ್ಟು.

ಬದಲಾಗಿದ್ದು ಒಬ್ಬ ಗೆಳೆಯನಿಂದ. ನನ್ನ ಪಕ್ಕದ ಬೆಂಚಿನವನು. ಹಾಸ್ಟೆಲ್ಲಿನಿಂದ ಟೀ ಕುಡಿಯಲು ಹೊರಟವನು ರಿಂಗ್ ರೋಡಿನ ಬಳಿ ಮರಳಿನ ಮೇಲೆ ಜಾರಿ ಬಿದ್ದ. ವೇಗ ಮೂವತ್ತೋ ಮೂವತ್ತೈದೋ ಇದ್ದಿರಬೇಕು. ಯಾರಿಗೂ ಗುದ್ದಿರಲಿಲ್ಲ. ಕಾಲಿನಲ್ಲಿ ಹವಾಯಿ ಚಪ್ಪಲಿ, ಹೆಲ್ಮೆಟ್ಟು ಗಾಡಿಯ ಕನ್ನಡಿಗೆ ನೇತುಹಾಕಿತ್ತು. ಮುಖ ಮುಂದಾಗಿ ಬಿದ್ದು ದವಡೆ ಮುರಿಯಿತು. ಆರು ವಾರ ಬಾಯಿಗೆ ತಂತಿ ಕಟ್ಟಿದ್ದರು. ಸ್ಟ್ರಾದಲ್ಲಿ ಗಂಜಿ. ಆ ಆರು ವಾರದಲ್ಲೇ ನಮ್ಮ ಕಾಲೇಜಿನ ಕ್ಯಾಂಪಸ್ ಸಂದರ್ಶನ ಬಂತು, ಹೋಯಿತು. ಓದಿನಲ್ಲಿ ನನಗಿಂತ ಎಷ್ಟೋ ಮುಂದಿದ್ದ ಹುಡುಗ ಮಾತನಾಡಲಾಗದೆ ಮಂಚದ ಮೇಲೆ ಮಲಗಿದ್ದ.

ಅವನನ್ನು ನೋಡಿ ಬಂದ ದಿನ ರೂಮಿನಲ್ಲಿ ಕುಳಿತು ಒಂದು ಲೆಕ್ಕ ಹಾಕಿದೆ. ನನ್ನಂಥವನ ಬಳಿ ಆಸ್ತಿ ಅಂತ ಇರುವುದು ಏನು? ಎರಡು ಕೈ, ಎರಡು ಕಾಲು, ಒಂದಿಷ್ಟು ತಲೆ. ಕೆಲಸ ಹುಡುಕುವವನಿಗೆ ಸಿಕ್ ಲೀವ್ ಇಲ್ಲ, ಕಂಪನಿಯ ವಿಮೆ ಇಲ್ಲ. ಮೂರು ತಿಂಗಳು ಮಲಗಿದರೆ ಒಂದು ನೇಮಕಾತಿಯೇ ಕೈತಪ್ಪಿ ಹೋಗುತ್ತದೆ. ಮೈ ಕೆಟ್ಟರೆ ಅತಿ ಹೆಚ್ಚು ನಷ್ಟ ಆಗುವುದು ಸಂಬಳ ಇರುವವರಿಗಲ್ಲ, ಇಲ್ಲದವರಿಗೆ.

ಸಂಜೆ ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದೆ. ಆ ದುಡ್ಡು ಕೂಡಿಸಿ ಮೊದಲು ಇಡೀ ಮುಖ ಮುಚ್ಚುವ ಐಎಸ್‌ಐ ಗುರುತಿನ ಹೆಲ್ಮೆಟ್ ತಗೊಂಡೆ, 2,400 ರೂಪಾಯಿ. ನಮ್ಮ ಪಿ.ಜಿ.ಯಲ್ಲಿದ್ದ ಒಬ್ಬ ಸೀನಿಯರ್ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟಾಗ ತನ್ನ ರೈಡಿಂಗ್ ಜಾಕೆಟ್ಟನ್ನು 2,800ಕ್ಕೆ ಕೊಟ್ಟ. ಭುಜ, ಮೊಣಕೈ, ಬೆನ್ನಿಗೆ ಗಟ್ಟಿ ಪ್ಯಾಡ್ ಇರುವ ಜಾಕೆಟ್ಟು. ಗ್ಲೌಸಿಗೆ 900, ಮೊಣಕಾಲು ಗಾರ್ಡಿಗೆ 1,100. ಒಟ್ಟು 7,200 ರೂಪಾಯಿ. ಶೂಗೆ ಖರ್ಚಿಲ್ಲ. ಕೈಗಾರಿಕಾ ತರಬೇತಿಗೆ ಹೋದಾಗ ಕೊಟ್ಟಿದ್ದ, ಹಿಮ್ಮಡಿ ಗಂಟಿನವರೆಗೂ ಮುಚ್ಚುವ ಸೇಫ್ಟಿ ಶೂ ಇತ್ತು.

ಆಮೇಲೆ ಕೇಳಬೇಕೆ! ಪೆಟ್ರೋಲ್ ಬಂಕಿನಲ್ಲಿ ‘ಏನ್ ಗುರೂ, ಲಡಾಖ್‌ಗಾ?’ ಟೀ ಅಂಗಡಿಯಲ್ಲಿ ‘ಮಗಾ, ಸರಸ್ವತಿಪುರಂನಿಂದ ಕುವೆಂಪುನಗರಕ್ಕೆ ಹೋಗೋಕೆ ಇಷ್ಟೆಲ್ಲ ಬೇಕಾ?’ ಬೇಸಿಗೆಯಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ನನಗೇ ಅನುಮಾನ ಬರುತ್ತಿತ್ತು. ಎಷ್ಟೋ ಸಲ ಜಾಕೆಟ್ಟನ್ನು ರೂಮಿನಲ್ಲೇ ಬಿಟ್ಟು ಹೋಗಿದ್ದೇನೆ ಕೂಡ. ಸುಳ್ಳು ಹೇಳುವುದಿಲ್ಲ. ಆ ಭಾನುವಾರ ಅದನ್ನು ಹಾಕಿದ್ದಕ್ಕೆ ಅರ್ಧ ಕಾರಣ ಚಳಿ.

ಒಂದು ದಾಟಿತು ಅಂದರೆ...

ತಿತಿಮತಿ ದಾಟಿದ ಮೇಲೆ ಹುಣಸೂರು ಕಡೆಗೆ ಹೋಗುವ ರಸ್ತೆ ನಾಗರಹೊಳೆಯ ಕಾಡನ್ನು ಸೀಳಿಕೊಂಡು ಹೋಗುತ್ತದೆ. ದಸರೆಯಲ್ಲಿ ಅಂಬಾರಿ ಹೊತ್ತ ಅಭಿಮನ್ಯುವಿನ ಮತ್ತಿಗೋಡು ಶಿಬಿರ ಇರುವುದು ಇದೇ ದಾರಿಯಲ್ಲಿ. ಆನೆಚೌಕೂರು ಗೇಟು ದಾಟುವವರೆಗೂ ಎರಡೂ ಬದಿ ಮರ, ಬಿದಿರು, ಲಂಟಾನದ ಪೊದೆ. ಚಿಕ್ಕಂದಿನಿಂದ ಬಸ್ಸಿನ ಕಿಟಕಿಯಲ್ಲಿ ಕುಳಿತು ಜಿಂಕೆ ಎಣಿಸಿಕೊಂಡು ಹೋದ ರಸ್ತೆ. ‘ನಿಧಾನವಾಗಿ ಚಲಿಸಿ, ವನ್ಯಜೀವಿಗಳು ರಸ್ತೆ ದಾಟುತ್ತವೆ’ ಎಂಬ ಬೋರ್ಡುಗಳು ಕಣ್ಣಿಗೆ ಎಷ್ಟು ಅಭ್ಯಾಸವಾಗಿದ್ದವು ಎಂದರೆ ಅವನ್ನು ಓದುವುದನ್ನೇ ಬಿಟ್ಟಿದ್ದೆ.

ಬೆಳಕು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಹೆಲ್ಮೆಟ್ಟಿನ ಗಾಜಿನ ಮೇಲೆ ಉಸಿರಿನ ಹಬೆ ಕೂರುತ್ತಿದ್ದುದರಿಂದ ಬೆರಳಗಲ ಮೇಲೆತ್ತಿದ್ದೆ. ಮಂಜು ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು. ತೆಳುವಾದಾಗ ವೇಗ ತಾನಾಗಿ ಏರುತ್ತಿತ್ತು. ಮೀಟರಿನ ಮುಳ್ಳು ಐವತ್ತೈದರ ಆಸುಪಾಸು.

ಮುಂದೆ, ಸಾಕಷ್ಟು ದೂರದಲ್ಲಿ, ಎಡಗಡೆಯ ಪೊದೆಯಿಂದ ಒಂದು ಜಿಂಕೆ ರಸ್ತೆಗೆ ಹಾರಿತು. ಆಕ್ಸಿಲರೇಟರ್ ಬಿಟ್ಟೆ. ಅದು ಎರಡೇ ನೆಗೆತಕ್ಕೆ ಬಲಗಡೆ ಸೇರಿ ಮರೆಯಾಯಿತು. ‘ಸದ್ಯ, ಹೋಯಿತು’ ಅಂದುಕೊಂಡು ಮತ್ತೆ ಆಕ್ಸಿಲರೇಟರ್ ತಿರುವಿದೆ.

ಅದೇ ನಾನು ಮಾಡಿದ ತಪ್ಪು. ಜಿಂಕೆ ಗುಂಪಿನ ಪ್ರಾಣಿ. ಒಂದು ದಾಟಿತು ಅಂದರೆ ಹಿಂದೆ ಇನ್ನೊಂದು, ಮತ್ತೊಂದು ಇರುತ್ತದೆ. ಮುಂದಿನದನ್ನು ಕಳೆದುಕೊಳ್ಳುವ ಭಯದಲ್ಲಿ ಹಿಂದಿನದು ರಸ್ತೆ ನೋಡದೆ ನುಗ್ಗುತ್ತದೆ. ಕಾಡಂಚಿನಲ್ಲಿ ಬೆಳೆದ ನನಗೆ ಇದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಆ ಕ್ಷಣದಲ್ಲಿ ನೆನಪಿಗೆ ಬರಲಿಲ್ಲ, ಅಷ್ಟೆ.

ಎರಡನೆಯದು ಬಂದಾಗ ನನಗೂ ಅದಕ್ಕೂ ಇಪ್ಪತ್ತು ಇಪ್ಪತ್ತೆರಡು ಮೀಟರ್ ಅಂತರ. ಹೆಣ್ಣು ಜಿಂಕೆ. ರಸ್ತೆಯ ನಡುವೆ ನನ್ನ ಹೆಡ್‌ಲೈಟಿಗೆ ಸಿಕ್ಕು ಒಂದು ಗಳಿಗೆ ನಿಂತುಬಿಟ್ಟಿತು. ಎರಡೂ ಬ್ರೇಕ್ ಒತ್ತಿದೆ. ನನ್ನದು ಮಾವನಿಂದ ಕೊಂಡ 2016ರ ಹಳೆಯ 150 ಸಿಸಿ ಗಾಡಿ, ಎಬಿಎಸ್ ಇಲ್ಲ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದ್ದು 2019ರ ಏಪ್ರಿಲ್‌ನಲ್ಲಿ. ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಬಾಲ ಬೀಸಿದಂತೆ ಬಲಕ್ಕೆ ಹೊರಳಿತು. ‘ಧಪ್’ ಅನ್ನುವ ಒಂದು ಶಬ್ದ. ಆಮೇಲೆ ಆಕಾಶ, ಡಾಂಬರು, ಆಕಾಶ.

ಎಡ ಭುಜ ಮೊದಲು ನೆಲಕ್ಕೆ ಬಿತ್ತು. ನಂತರ ಹೆಲ್ಮೆಟ್ಟಿನ ಗಲ್ಲದ ಭಾಗ. ಅದು ರಸ್ತೆಗೆ ಉಜ್ಜಿಕೊಂಡು ಹೋಗುವ ಸದ್ದು ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಗ್ರೈಂಡರಿಗೆ ಪ್ಲಾಸ್ಟಿಕ್ ಕೊಟ್ಟ ಹಾಗೆ. ಈಗಲೂ ರಾತ್ರಿ ನೆನಪಾಗುವುದು ನೋವಲ್ಲ, ಆ ಸದ್ದು.

‘ಹೆಲ್ಮೆಟ್ ಮುಟ್ಟಬೇಡ್ರೋ!’

ಎದ್ದೇಳಲು ನೋಡಿದೆ. ಉಸಿರು ಸಿಕ್ಕಲಿಲ್ಲ. ಅಷ್ಟರಲ್ಲಿ ಎಸ್ಟೇಟ್ ಕೆಲಸಕ್ಕೆ ಆಳುಗಳನ್ನು ಕರೆದೊಯ್ಯುತ್ತಿದ್ದ ಜೀಪೊಂದು ಬಂದು ನಿಂತಿತು. ನಾಲ್ಕೈದು ಜನ ಇಳಿದು ಓಡಿ ಬಂದರು. ಒಬ್ಬ ಹುಡುಗ ಗಾಬರಿಯಲ್ಲಿ ನನ್ನ ಹೆಲ್ಮೆಟ್ಟನ್ನು ಎರಡೂ ಕೈಯಿಂದ ಹಿಡಿದು ಎಳೆಯಲು ಹೊರಟ. ಜೀಪಿನ ಡ್ರೈವರ್, ಐವತ್ತು ದಾಟಿದ ಹಿರಿಯರು, ದೂರದಿಂದಲೇ ಕೂಗಿದರು: ‘ಹೆಲ್ಮೆಟ್ ಮುಟ್ಟಬೇಡ್ರೋ! ಕುತ್ತಿಗೆ ಏನಾಗಿದೆಯೋ ಯಾರಿಗೆ ಗೊತ್ತು?’

ಬಂದು ನನ್ನ ಪಕ್ಕ ಕುಳಿತು, ‘ಅಲ್ಲಾಡಬೇಡ ಮಗ. ಹೆಸರೇನು? ಯಾರ ಮಗ?’ ಅಂದರು. ಅಪ್ಪನ ಹೆಸರು ಹೇಳಿದೆ. ‘ಓ, ರೈಟರ್ ಮಗನಾ!’ ಅಂದರು. ‘ಕೈಬೆರಳು ಆಡಿಸು, ಕಾಲುಬೆರಳು ಆಡಿಸು, ಕುತ್ತಿಗೆ ನೋಯುತ್ತಾ?’ ಒಂದೊಂದಾಗಿ ಕೇಳಿದರು. ಹತ್ತು ನಿಮಿಷ ನನ್ನನ್ನು ಏಳಲು ಬಿಡಲಿಲ್ಲ. ಹಿಂದೊಮ್ಮೆ ಎಸ್ಟೇಟಿನಲ್ಲಿ ನಡೆದ ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ಕಲಿತದ್ದಂತೆ.

ಇದನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ನಮ್ಮಲ್ಲಿ ಯಾರಾದರೂ ಬಿದ್ದರೆ ಮೊದಲು ಮಾಡುವ ಕೆಲಸ ಹೆಲ್ಮೆಟ್ ಕಿತ್ತು, ಎತ್ತಿ ಕೂರಿಸಿ, ನೀರು ಕುಡಿಸುವುದು. ಕುತ್ತಿಗೆಯ ಮೂಳೆಗೆ ಪೆಟ್ಟಾಗಿದ್ದರೆ ಆ ಎಳೆತವೇ ಜೀವನಪೂರ್ತಿ ಮಲಗಿಸಬಹುದು. ಬಿದ್ದವರು ಉಸಿರಾಡುತ್ತಿದ್ದರೆ, ಮಾತನಾಡುತ್ತಿದ್ದರೆ ಹೆಲ್ಮೆಟ್ ಹಾಗೇ ಇರಲಿ. ಗಾಜು ಮಾತ್ರ ಮೇಲೆತ್ತಿ, 108ಕ್ಕೋ 112ಕ್ಕೋ ಫೋನ್ ಮಾಡಿ. ಉಸಿರು ಕಟ್ಟುತ್ತಿದ್ದರೆ, ವಾಂತಿಯಾಗಿ ಬಾಯಿ ತುಂಬಿದ್ದರೆ ಮಾತ್ರ ಇಬ್ಬರು ಸೇರಿ ತೆಗೆಯಬೇಕು. ಒಬ್ಬರು ತಲೆ, ಕುತ್ತಿಗೆ ಅಲುಗದಂತೆ ಹಿಡಿಯಬೇಕು, ಇನ್ನೊಬ್ಬರು ಪಟ್ಟಿ ಬಿಚ್ಚಿ ನಿಧಾನಕ್ಕೆ ಹೊರತೆಗೆಯಬೇಕು. ಸಹಾಯ ಮಾಡಿದರೆ ಪೊಲೀಸ್ ಸ್ಟೇಷನ್ ಅಲೆಯಬೇಕು ಅನ್ನುವ ಹೆದರಿಕೆಯೂ ಬೇಡ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 134ಎ ಕಲಂ, ಸದುದ್ದೇಶದಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ಕೊಟ್ಟಿದೆ.

ಚರ್ಮ ಹೋದದ್ದು ಎಲ್ಲಿ?

ಗೋಣಿಕೊಪ್ಪದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಎಲ್ಲೂ ಮುರಿದಿರಲಿಲ್ಲ. ಎಡಗೈ ಹೆಬ್ಬೆರಳು ಉಳುಕಿತ್ತು. ಪಕ್ಕೆಲುಬಿನ ಮೇಲೆ, ಭುಜದ ಮೇಲೆ ನೇರಳೆ ಬಣ್ಣದ ಬಾವು. ಮತ್ತೆ ಎಡ ಸೊಂಟದ ಕೆಳಗೆ ಅಂಗೈಯಗಲ ಚರ್ಮ ಕಿತ್ತು ಹೋಗಿತ್ತು.

ಡ್ರೆಸ್ಸಿಂಗ್ ಮಾಡುತ್ತಿದ್ದ ಸಿಸ್ಟರ್ ‘ಇಷ್ಟೇನಾ? ಬೈಕಿನಲ್ಲಿ ಬಿದ್ದವರು ಹೀಗೆ ಬರೋದು ಅಪರೂಪ’ ಅಂದರು. ಆಗ ನನಗೆ ಹೊಳೆಯಿತು. ಮೈಯಲ್ಲಿ ಏನೂ ಹಾಕಿರದ ಜಾಗ ಅದೊಂದೇ. ಮಾಮೂಲಿ ಜೀನ್ಸ್ ಪ್ಯಾಂಟು ಮಾತ್ರ ಇದ್ದ ಜಾಗ. ಅಲ್ಲಿ ಬಟ್ಟೆಯೂ ಹೋಗಿತ್ತು, ಚರ್ಮವೂ ಹೋಗಿತ್ತು. ಜೀನ್ಸ್ ಗಟ್ಟಿ ಬಟ್ಟೆ ಅಂತ ನಾವು ಅಂದುಕೊಂಡಿರುತ್ತೇವೆ. ಡಾಂಬರಿಗೆ ಅದು ಲೆಕ್ಕಕ್ಕೇ ಇಲ್ಲ.

ಸಂಜೆ ಅಪ್ಪ ನನ್ನ ಸಾಮಾನುಗಳನ್ನೆಲ್ಲ ಚಾವಡಿಯ ಬೆಂಚಿನ ಮೇಲೆ ಸಾಲಾಗಿ ಇಟ್ಟರು. ಬೆಳಿಗ್ಗೆ ನಕ್ಕವರು ಈಗ ಒಂದೊಂದನ್ನೂ ಎತ್ತಿ ತಿರುಗಿಸಿ ನೋಡುತ್ತಿದ್ದರು. ಜಾಕೆಟ್ಟಿನ ಎಡ ಭುಜ ಮತ್ತು ಮೊಣಕೈ ಭಾಗದಲ್ಲಿ ಹೊರಗಿನ ಬಟ್ಟೆ ಸವೆದು ಒಳಗಿನ ಪ್ಯಾಡ್ ಕಾಣುತ್ತಿತ್ತು. ಗ್ಲೌಸಿನ ಅಂಗೈಯಲ್ಲಿದ್ದ ಗಟ್ಟಿ ಪ್ಲಾಸ್ಟಿಕ್ ಅರ್ಧ ತೇದು ಹೋಗಿತ್ತು. ಬೀಳುವಾಗ ಯಾರೇ ಆದರೂ ಮೊದಲು ಕೈ ಊರುತ್ತಾರೆ. ಅದು ಹುಟ್ಟುಗುಣ, ಬುದ್ಧಿ ಹೇಳಿ ತಡೆಯಲಾಗದು. ಗ್ಲೌಸ್ ಇಲ್ಲದಿದ್ದರೆ ಆ ತೇದದ್ದು ನನ್ನ ಅಂಗೈ ಆಗಿರುತ್ತಿತ್ತು. ಮೊಣಕಾಲಿನ ಗಾರ್ಡ್ ನಡುವೆ ಸೀಳಿತ್ತು. ಶೂನ ಹೊರಬದಿಯ ಚರ್ಮ ಹೋಗಿ ಒಳಗಿನ ಪದರ ಕಂಡಿತ್ತು. ಗಾಡಿಯ ಫುಟ್‌ರೆಸ್ಟ್ ಮತ್ತು ರಸ್ತೆಯ ನಡುವೆ ಸಿಕ್ಕ ಪಾದ ಅದು.

ಕೊನೆಗೆ ಹೆಲ್ಮೆಟ್. ಗಲ್ಲದ ಭಾಗದಲ್ಲಿ ಮೂರು ಬೆರಳಗಲ ಉಜ್ಜಿ ಬಿಳಿಯಾಗಿತ್ತು. ಅಪ್ಪ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಕುಳಿತರು. ನಾನು ಮೊದಲು ಹಾಕುತ್ತಿದ್ದ ಅರ್ಧ ಹೆಲ್ಮೆಟ್ಟಿಗೆ ಆ ಭಾಗವೇ ಇರಲಿಲ್ಲ. ನನ್ನ ಗೆಳೆಯನ ದವಡೆ ನೆನಪಾಯಿತು. ಅಪ್ಪ ಏನೂ ಹೇಳಲಿಲ್ಲ. ಒಳಗೆ ಹೋಗಿ, ತಮ್ಮ ಸ್ಕೂಟರಿನ ಹಳೇ ಟೋಪಿ ಹೆಲ್ಮೆಟ್ಟನ್ನು ತಂದು ಹರಕು ಸಾಮಾನಿನ ಚೀಲಕ್ಕೆ ಹಾಕಿದರು.

ಹೆಲ್ಮೆಟ್ ಕೆಲಸ ಮಾಡುವ ರೀತಿ ಸರಳ. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಒಂದೇ ಕಡೆ ಬೀಳದಂತೆ ಹರಡುತ್ತದೆ. ಅದರೊಳಗೆ ಥರ್ಮಾಕೋಲ್‌ನಂಥ ಒಂದು ಪದರ ಇರುತ್ತದೆ. ನಿಜವಾಗಿ ತಲೆ ಉಳಿಸುವುದು ಅದು. ತಾನು ಜಜ್ಜಿಹೋಗಿ, ತಲೆ ಒಮ್ಮೆಲೇ ನಿಲ್ಲುವ ಬದಲು ಸ್ವಲ್ಪ ತಡವಾಗಿ ನಿಲ್ಲುವಂತೆ ಮಾಡುತ್ತದೆ. ಒಮ್ಮೆ ಜಜ್ಜಿದ ಪದರ ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ದೊಡ್ಡ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಹಾಕಬಾರದು, ಮಾರಬಾರದು. ಹಾಗೆಯೇ ಯಾರೋ ಬಳಸಿದ ಹೆಲ್ಮೆಟ್ಟನ್ನು ಕೊಳ್ಳಲೂಬಾರದು.

ಅಂಕಿ ಬೇಕಿದ್ದವರಿಗೆ: ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 50,029 ಜನ ಹೆಲ್ಮೆಟ್ ಧರಿಸಿರದ ಸವಾರರು ಮತ್ತು ಹಿಂಬದಿ ಸವಾರರು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ವಿಮರ್ಶೆ, ಹೆಲ್ಮೆಟ್ ಸಾವಿನ ಅಪಾಯವನ್ನು ಶೇ 42ರಷ್ಟು, ತಲೆಪೆಟ್ಟಿನ ಅಪಾಯವನ್ನು ಶೇ 69ರಷ್ಟು ತಗ್ಗಿಸುತ್ತದೆ ಎನ್ನುತ್ತದೆ.

ನೋಟ್‌ಬುಕ್ಕಿನ ಲೆಕ್ಕ

ಇಲ್ಲಿಗೆ ನಿಲ್ಲಿಸಿದರೆ ಇದು ನಾನು ಗೆದ್ದ ಕತೆಯಾಗುತ್ತದೆ. ಆದರೆ ಅಂದು ರಸ್ತೆಯ ಮೇಲೆ ಬಿದ್ದವರು ಇಬ್ಬರು.

ನಾನು ಜೀಪಿಗೆ ಒರಗಿ ಕುಳಿತಿದ್ದಾಗ ಗೇಟಿನ ಕಡೆಯಿಂದ ಅರಣ್ಯ ಇಲಾಖೆಯ ವಾಚರ್ ಒಬ್ಬರು ಬಂದರು. ಜಿಂಕೆ ರಸ್ತೆಯಂಚಿನಲ್ಲಿ ಮಲಗಿತ್ತು. ಹೊಟ್ಟೆ ಏರಿಳಿಯುತ್ತಿತ್ತು. ಹಿಂಗಾಲು ಎಳೆಯಲು ನೋಡುತ್ತಿತ್ತು, ಆಗುತ್ತಿರಲಿಲ್ಲ. ವಾಚರ್ ಬಾಟಲಿಯಿಂದ ಅದರ ಬಾಯಿಗೆ ನಾಲ್ಕು ಹನಿ ನೀರು ಬಿಟ್ಟರು. ಪಶುವೈದ್ಯರಿಗೆ ಹೇಳಿ ಕಳಿಸಿದ್ದರು. ಅವರು ಬರುವ ಮುಂಚೆಯೇ ಏರಿಳಿತ ನಿಂತಿತು. ಆಚೆ ಬದಿಯ ಪೊದೆಯಲ್ಲಿ ಮೊದಲು ದಾಟಿದ ಜಿಂಕೆ ಇನ್ನೂ ನಿಂತಿತ್ತು. ಅದು ಕೂಗುತ್ತಿದ್ದುದು ಕೇಳಿಸುತ್ತಿತ್ತು.

ವಾಚರ್ ನನಗೆ ಬೈಯಲಿಲ್ಲ. ಹೇಳಿಕೆ ಬರೆದುಕೊಂಡು, ‘ನಿಮ್ಮದು ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ’ ಅಂದರು. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ನೋಟ್‌ಬುಕ್ ತೆಗೆದು ಡಿಪ್ಲೊಮಾದಲ್ಲಿ ಕಲಿತ ಲೆಕ್ಕ ಮಾಡಿದೆ. ಕಣ್ಣು ಕಂಡು, ಬುದ್ಧಿಗೆ ತಿಳಿದು, ಕೈ ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಹೋಗುತ್ತದೆ ಅಂದುಕೊಳ್ಳಿ. ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಆ ಒಂದು ಸೆಕೆಂಡಿನಲ್ಲೇ ಗಾಡಿ 15 ಮೀಟರ್ ಓಡಿರುತ್ತದೆ. ಬ್ರೇಕ್ ಹಿಡಿದ ಮೇಲೆ, ಒಣ ರಸ್ತೆಯಲ್ಲೂ ಪೂರ್ತಿ ನಿಲ್ಲಲು ಇನ್ನೂ ಸುಮಾರು 20 ಮೀಟರ್ ಬೇಕು. ಒಟ್ಟು 35 ಮೀಟರ್. 40ರ ವೇಗದಲ್ಲಾದರೆ ಒಂದು ಸೆಕೆಂಡಿಗೆ 11 ಮೀಟರ್, ನಿಲ್ಲಲು ಸುಮಾರು 10 ಮೀಟರ್. ಒಟ್ಟು 21.

ನನಗೂ ಜಿಂಕೆಗೂ ನಡುವೆ ಇದ್ದದ್ದು ಇಪ್ಪತ್ತು ಇಪ್ಪತ್ತೆರಡು ಮೀಟರ್.

ಅಂದರೆ 55ರಲ್ಲಿ ಹೊರಟ ನಾನು ಜಿಂಕೆಗೆ ತಾಗುವಾಗಲೂ 45ರ ಆಸುಪಾಸಿನಲ್ಲಿದ್ದೆ. 40ರಲ್ಲಿ ಹೋಗಿದ್ದರೆ ಅದರ ಮುಂದೆ ನಿಲ್ಲುತ್ತಿದ್ದೆ. ಹೆಚ್ಚೆಂದರೆ ಮೆಲ್ಲಗೆ ತಾಗುತ್ತಿದ್ದೆ. ಹದಿನೈದು ಕಿಲೋಮೀಟರ್ ವೇಗ ಕಡಿಮೆ ಮಾಡಿದ್ದರೆ ಆ ಕಾಡಿನ ದಾರಿ ಮುಗಿಸಲು ನನಗೆ ಎಷ್ಟು ಹೆಚ್ಚು ಸಮಯ ಹಿಡಿಯುತ್ತಿತ್ತು? ನಾಲ್ಕೈದು ನಿಮಿಷ. ಅಪ್ಪ ಹೇಳಿದಂತೆ ಮಂಜು ಕರಗುವವರೆಗೆ ಕಾದಿದ್ದರೆ ಒಂದು ಗಂಟೆ. ಭಾನುವಾರ ನನ್ನ ಬಳಿ ಇಡೀ ದಿನ ಇತ್ತು.

ಜಿಂಕೆಗಳು ಮೇಯಲು ಹೆಚ್ಚು ಓಡಾಡುವುದು ಮುಂಜಾವ ಮತ್ತು ಮುಸ್ಸಂಜೆಯಲ್ಲಿ. ನಮ್ಮ ಕಣ್ಣಿಗೆ ಸರಿಯಾಗಿ ಕಾಣದ ಹೊತ್ತೂ ಅದೇ. ಬಂಡೀಪುರದಲ್ಲಿ ಮೈಸೂರು–ಊಟಿ, ಮೈಸೂರು–ಕೋಯಿಕ್ಕೋಡ್ ರಸ್ತೆಗಳಿಗೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧ ಇರುವುದು ನಮಗೆಲ್ಲ ಗೊತ್ತು. ಆದರೆ ಗೇಟು ತೆರೆಯಿತು ಎಂದು ಜಿಂಕೆಗಳು ಗಡಿಯಾರ ನೋಡಿ ಒಳಗೆ ಹೋಗುವುದಿಲ್ಲ. ಆರೂವರೆಯ ಮಂಜಿನಲ್ಲಿ ಕಾನೂನು ನಮ್ಮನ್ನು ತಡೆಯದಿದ್ದರೂ ನಮ್ಮ ಬಲಗೈ ತಡೆಯಬೇಕು. ನನಗೆ ಸಿಕ್ಕಿದ್ದು ನಲವತ್ತು ಕಿಲೋ ಆಸುಪಾಸಿನ ಹೆಣ್ಣು ಜಿಂಕೆ. ಅದರ ಬದಲು ಇನ್ನೂರು ಕಿಲೋ ದಾಟುವ ಗಂಡು ಕಡವೆ ಆಗಿದ್ದರೆ ಯಾವ ಜಾಕೆಟ್ಟೂ ಸಾಕಾಗುತ್ತಿರಲಿಲ್ಲ.

ರಕ್ಷಣಾ ಉಡುಪು ನಮ್ಮನ್ನು ಉಳಿಸುತ್ತದೆ. ಎದುರಿಗೆ ಬಂದದ್ದನ್ನು ಉಳಿಸುವುದಿಲ್ಲ. ಅದು ಜಿಂಕೆಯಾಗಿರಬಹುದು, ರಸ್ತೆ ದಾಟುವ ಅಜ್ಜಿಯಾಗಿರಬಹುದು, ಸೈಕಲ್ಲಿನ ಮೇಲಿನ ಶಾಲೆಯ ಮಗುವಾಗಿರಬಹುದು. ಅವರಿಗಾಗಿ ನಾವು ಕೊಡಬಹುದಾದದ್ದು ಒಂದೇ, ನಿಧಾನ. ಜಾಕೆಟ್ ಹಾಕಿದ್ದೇನೆ ಎಂಬ ಧೈರ್ಯದಲ್ಲಿ ನಾನು ಅಂದು ಹತ್ತು ಕಿಲೋಮೀಟರ್ ಹೆಚ್ಚು ವೇಗ ಹೋದೆನೇ? ಈ ಪ್ರಶ್ನೆಗೆ ‘ಇಲ್ಲ’ ಎಂದು ಗಟ್ಟಿಯಾಗಿ ಹೇಳಲು ನನಗೆ ಆಗುತ್ತಿಲ್ಲ.

ಕಡಿಮೆ ದುಡ್ಡಿದ್ದವರಿಗೆ

‘ಇಷ್ಟೆಲ್ಲ ಕೊಳ್ಳಲು ದುಡ್ಡೆಲ್ಲಿ?’ ಎಂದು ಕೇಳುವ ಗೆಳೆಯರಿಗೆ ನನ್ನ ಅನುಭವದ ಮಾತು. ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಕಿಲ್ಲ. ಮೊದಲು ಹೆಲ್ಮೆಟ್. ಇಡೀ ಮುಖ ಮುಚ್ಚುವಂಥದ್ದು, ಐಎಸ್‌ಐ ಗುರುತು ಮತ್ತು ಐಎಸ್ 4151 ಎಂಬ ಸಂಖ್ಯೆ ಇರುವಂಥದ್ದು. 2021ರ ಜೂನ್‌ನಿಂದ ಈ ಗುರುತಿಲ್ಲದ ಹೆಲ್ಮೆಟ್ ತಯಾರಿಸಿ ಮಾರುವಂತೆಯೇ ಇಲ್ಲ. ಆದರೂ ರಸ್ತೆ ಬದಿಯಲ್ಲಿ ಸಿಗುತ್ತವೆ. ಕಡಿಮೆ ಬೆಲೆ ನೋಡಿ ಮೋಸ ಹೋಗಬೇಡಿ. ತಲೆಗೆ ಬಿಗಿಯಾಗಿ ಕೂರಬೇಕು. ಹಾಕಿಕೊಂಡು ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಬೇರೆ, ತಲೆ ಬೇರೆ ಆಗಿ ತಿರುಗಬಾರದು. ಪಟ್ಟಿ ಕಟ್ಟದ ಹೆಲ್ಮೆಟ್, ಬೀಳುವಾಗ ನಮಗಿಂತ ಮೊದಲೇ ಹೊರಟು ಹೋಗುತ್ತದೆ.

ಎರಡನೆಯದು ಗ್ಲೌಸ್. ಮೂರನೆಯದು ಹಿಮ್ಮಡಿ ಗಂಟು ಮುಚ್ಚುವ ಶೂ. ಐಟಿಐ, ಡಿಪ್ಲೊಮಾದವರ ಬಳಿ ವರ್ಕ್‌ಶಾಪಿನ ಶೂ ಇದ್ದೇ ಇರುತ್ತದೆ. ಚಪ್ಪಲಿಗಿಂತ ಅದು ಎಷ್ಟೋ ಮೇಲು. ಆಮೇಲೆ ಜಾಕೆಟ್, ಮೊಣಕಾಲು ಗಾರ್ಡ್. ಜಾಕೆಟ್ ಕೊಳ್ಳುವಾಗ ಅಂದ ನೋಡಬೇಡಿ, ಒಳಗಿನ ಪ್ಯಾಡ್ ತೆಗೆದು ನೋಡಿ. ‘ಸಿಇ’ ಗುರುತಿನ ಜೊತೆ ಇಎನ್ 1621 ಎಂಬ ಸಂಖ್ಯೆ, ಲೆವೆಲ್ 1 ಅಥವಾ 2 ಎಂದು ಅಚ್ಚಾಗಿರುತ್ತದೆ. ಲೆವೆಲ್ 2 ಹೆಚ್ಚು ಪೆಟ್ಟು ತಡೆಯುತ್ತದೆ. ಬರೀ ಸ್ಪಂಜು ತುಂಬಿದ್ದರೆ ಅದು ಚಳಿಗೆ ಹಾಕುವ ಅಂಗಿ ಅಷ್ಟೆ. ಹಳೆಯ ಜಾಕೆಟ್ ಕೊಳ್ಳಬಹುದು, ಆದರೆ ಬಿದ್ದು ಸವೆದದ್ದು ಬೇಡ.

ಇನ್ನೊಂದು ಮಾತು. ನನ್ನ ಗಾಡಿಗೆ ಇದ್ದದ್ದು ಥರ್ಡ್ ಪಾರ್ಟಿ ವಿಮೆ ಮಾತ್ರ. ಬಾಗಿದ ಫೋರ್ಕ್, ಒಡೆದ ಹೆಡ್‌ಲೈಟಿಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ರಿಪೇರಿಗೆ ಹನ್ನೊಂದು ಸಾವಿರ ಆಯಿತು. ಕಾಡಂಚಿನ ರಸ್ತೆಯಲ್ಲಿ ದಿನವೂ ಓಡಾಡುವವರು ಸ್ವಂತ ಗಾಡಿಯ ಹಾನಿಗೂ ಅನ್ವಯಿಸುವ ವಿಮೆ ಮಾಡಿಸುವುದು ಒಳ್ಳೆಯದು.

ಸೋಮವಾರ

ಡಾಕ್ಟರು ಮಧ್ಯಾಹ್ನದವರೆಗೆ ಕೂರಿಸಿಕೊಂಡು, ‘ತಲೆನೋವು, ವಾಂತಿ, ಮಂಪರು ಬಂದರೆ ತಕ್ಷಣ ಬನ್ನಿ’ ಎಂದು ಹೇಳಿ ಕಳಿಸಿದ್ದರು. ಯಾವುದೂ ಬರಲಿಲ್ಲ. ಸೋಮವಾರ ನಸುಕಿನಲ್ಲಿ ಅಪ್ಪ ನನ್ನ ಜೊತೆ ಬಸ್ಸು ಹತ್ತಿದರು. ಅದೇ ರಸ್ತೆ. ಕಿಟಕಿಯ ಪಕ್ಕ ಕುಳಿತಿದ್ದೆ, ಆದರೆ ಈ ಸಲ ಜಿಂಕೆ ಎಣಿಸಲಿಲ್ಲ. ಆ ಜಾಗ ಬಂದಾಗ ಅಪ್ಪ ನನ್ನ ಮೊಣಕೈ ಹಿಡಿದುಕೊಂಡರು. ಆನೆಚೌಕೂರು ದಾಟಿದ ಮೇಲೆ ಬಿಟ್ಟರು.

ಕಾರ್ಖಾನೆಯ ಆಫೀಸಿನಲ್ಲಿ ಮೇಡಂ ಒಬ್ಬರು ನನ್ನ ಫೈಲ್ ತೆರೆದರು. ಬಿದ್ದ ರಭಸಕ್ಕೆ ಬ್ಯಾಗಿನೊಳಗೆ ಅಮ್ಮನ ಡಬ್ಬಿ ಒಡೆದು ಹುಚ್ಚೆಳ್ಳು ಚಟ್ನಿ ಫೈಲಿನೊಳಗೆ ಇಳಿದಿತ್ತು. ರಾತ್ರಿ ಎಷ್ಟು ಒರೆಸಿದ್ದರೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂಲೆಯಲ್ಲಿ ಎಣ್ಣೆಯ ಕಲೆ ಉಳಿದಿತ್ತು. ‘ಇದೇನ್ರೀ?’ ಅಂದರು. ಹೇಳಿದೆ. ಅವರು ನನ್ನ ಬ್ಯಾಂಡೇಜ್ ಸುತ್ತಿದ ಹೆಬ್ಬೆರಳು ನೋಡಿದರು, ಬಾಗಿಲ ಬಳಿ ನಿಂತಿದ್ದ ಅಪ್ಪನನ್ನು ನೋಡಿದರು. ‘ಸಹಿ ಮಾಡೋಕೆ ಬಲಗೈ ಸರಿಯಾಗಿದೆ ತಾನೆ?’ ಅಂದರು. ಸರಿಯಾಗಿತ್ತು. ಸಹಿ ಮಾಡಿದೆ.

ಮೊದಲ ಸಂಬಳದಲ್ಲಿ ಎರಡು ಹೆಲ್ಮೆಟ್ ಕೊಂಡೆ. ಒಂದು ನನಗೆ, ಇನ್ನೊಂದು ಅಪ್ಪನ ಸ್ಕೂಟರಿಗೆ. ಗಲ್ಲ ಸವೆದ ಹಳೆಯ ಹೆಲ್ಮೆಟ್ ನನ್ನ ರೂಮಿನ ಮೊಳೆಗೆ ನೇತುಬಿದ್ದಿದೆ, ಯಾರೂ ಹಾಕದಂತೆ ಅದರ ಪಟ್ಟಿಯನ್ನು ಕತ್ತರಿಸಿದ್ದೇನೆ. ಈಗ ಊರಿಗೆ ಹೋಗುವಾಗ ಬಿಸಿಲು ಬಂದ ಮೇಲೆ ಹೊರಡುತ್ತೇನೆ. ಕಾಡಿನ ಬೋರ್ಡು ಕಂಡಾಗ ನಲವತ್ತಕ್ಕೆ ಇಳಿಸುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಒಂದು ಜಿಂಕೆ ದಾಟಿದರೆ ಗಾಡಿ ನಿಲ್ಲಿಸಿ ಕಾಯುತ್ತೇನೆ. ಎರಡನೆಯದು ಹೆಚ್ಚಾಗಿ ಬರುತ್ತದೆ.